ಪೀಡೆರಸ್

ಪೀಡೆರಸ್: ಕೋಲಿಯಾಪ್ಟೆರ ಗಣದ ಸ್ಟ್ಯಾಫಿಲಿನಿಡೆ ಕುಟುಂಬಕ್ಕೆ ಸೇರಿದ ಗಿಡ್ಡರೆಕ್ಕೆಯ ದುಂಬಿಗಳ ಜಾತಿ. ಮೈಮೇಲೆ ಸುಟ್ಟಂಥ ಗಾಯ ಮಾಡುವುದರಿಂದ ‘ಆಸಿಡ್ ಹುಳ’ ಎನ್ನುವುದುಂಟು. ಆಫ್ರಿಕದ ಪ್ರಭೇದಗಳಿಗೆ ‘ನೈರೋಬಿ ನೊಣ’ ಎಂಬ ಹೆಸರಿದ್ದರೂ ಇದು ನೊಣವಲ್ಲ.

ವರ್ಗೀಕರಣ: ಡೆನ್ಮಾರ್ಕಿನ ಕೀಟಶಾಸ್ತ್ರಜ್ಞ ಜೋಹಾನ್ ಕ್ರಿಶ್ಚಿಯನ್ ಫ್ಯಾಬ್ರಿಸಿಯಸ್ 1775ರಲ್ಲಿ ಈ ಜಾತಿಯನ್ನು ಹೆಸರಿಸಿದ. ಉಪಕುಟುಂಬ ಪೀಡೆರಿನೆ, ಪ್ರಭೇದಗಳು 600ಕ್ಕೂ ಹೆಚ್ಚು. ಭಾರತದಲ್ಲಿ ವ್ಯಾಪಕವಾಗಿರುವ ಪೀಡೆರಸ್ ಫಸ್ಕಿಪೆಸ್ ಅನ್ನು ಜಾನ್ ಕರ್ಟಿಸ್ 1826ರಲ್ಲಿ ವರ್ಣಿಸಿದ. ಭಾರತದ ಸ್ಟ್ಯಾಫಿಲಿನಿಡೆ ಕುರಿತ ಮಾಲ್ಕಮ್ ಕ್ಯಾಮರಾನ್‌ನ ಸಂಪುಟಗಳು 1930ರಿಂದ 1939ರ ಅವಧಿಯಲ್ಲಿ ಪ್ರಕಟವಾದವು.

ಗುರುತು: ಫಸ್ಕಿಪೆಸ್ ಸುಮಾರು 7–8 ಮಿ.ಮೀ. ಉದ್ದದ ತೆಳು ಹುಳ. ಓಡುವಾಗ ದೊಡ್ಡ ಇರುವೆಯಂತೆ ಕಾಣುತ್ತದೆ. ಭೂತಗನ್ನಡಿಯಲ್ಲಿ ಬಣ್ಣಗಳ ಸಾಲು ಸ್ಪಷ್ಟ: ತಲೆ ಕಪ್ಪು, ಎದೆ ಕಿತ್ತಳೆ, ಗಿಡ್ಡ ಮುಂರೆಕ್ಕೆಗಳು ಹೊಳೆಯುವ ನೀಲಿ, ಹೊಟ್ಟೆ ಕಿತ್ತಳೆ, ಬಾಲದ ತುದಿ ಮತ್ತೆ ಕಪ್ಪು. ಮುಂರೆಕ್ಕೆಗಳ ತುಂಬ ಸೂಜಿಮೊನೆಯಿಂದ ಚುಚ್ಚಿದಂಥ ಕುಳಿಗಳು. ಹಾರಲು ಬಳಸುವ ಪೊರೆರೆಕ್ಕೆಗಳು ಇವುಗಳ ಅಡಿಯಲ್ಲಿ ಮಡಚಿಕೊಂಡಿರುತ್ತವೆ. ಪಾದದ ನಾಲ್ಕನೆಯ ಗೆಣ್ಣು ಎರಡಾಗಿ ಸೀಳಿರುತ್ತದೆ. ಕೆಣಕಿದರೆ ಬಾಲ ಮೇಲೆತ್ತುತ್ತದೆ. ಬಾಲದಲ್ಲಿ ಗಟ್ಟಿ ಇಕ್ಕಳವಿದ್ದರೆ ಅದು ಬೇರೆ ಗಣದ ಕೀಟ. ಬಣ್ಣ ಒಂದೇ ಬಗೆಯಾಗಿರುವ ಪ್ರಭೇದಗಳು ಹಲವಿರುವುದರಿಂದ ಪ್ರಭೇದವನ್ನು ಖಚಿತಪಡಿಸಲು ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ನೆಲೆ: ನದಿದಂಡೆ, ಕಾಲುವೆ ಬದು, ನೀರುಣ್ಣುವ ಹೊಲಗಳಂಥ ತೇವದ ನೆಲ. ವಿಜಯಪುರ ಜಿಲ್ಲೆಯಲ್ಲಿ ಇದನ್ನು ಹುಡುಕಬೇಕಾದ್ದು ಒಣ ಎರೆಹೊಲದಲ್ಲಲ್ಲ. ಇಂಡಿ, ಸಿಂದಗಿಗಳ ಭೀಮಾ ತೀರದಲ್ಲಿ, ಮುದ್ದೇಬಿಹಾಳದ ಕೃಷ್ಣಾ ತೀರದಲ್ಲಿ, ಬಸವನ ಬಾಗೇವಾಡಿ ಸೀಮೆಯ ನೀರಾವರಿ ಹೊಲಗಳಲ್ಲಿ. ಮಳೆಗಾಲದ ರಾತ್ರಿ ದೀಪದ ಬೆಳಕಿಗೆ ಮನೆಯೊಳಗೂ ಬರುತ್ತದೆ.

ವಿಷ: ಇದು ಕಚ್ಚಿ ಗಾಯ ಮಾಡುವುದಿಲ್ಲ, ಕುಟುಕುವುದೂ ಇಲ್ಲ. ಮೈಮೇಲೆ ಜಜ್ಜಿದಾಗ ದೇಹದ್ರವದಲ್ಲಿನ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ತಗಲುತ್ತದೆ. ಒಂದೆರಡು ದಿನದಲ್ಲಿ ಉರಿಯುವ ಕೆಂಪು ಬರೆ, ಬೊಕ್ಕೆ ಏಳುತ್ತವೆ. ಮೊಣಕೈ ಮಡಿಕೆಯಲ್ಲಾದರೆ ಎದುರುಬದುರು ಎರಡು ಗಾಯ ಮೂಡುತ್ತವೆ. ಈ ವಿಷವನ್ನು ತಯಾರಿಸುವುದು ದುಂಬಿಯೊಳಗೆ ಬಾಳುವ ಬ್ಯಾಕ್ಟೀರಿಯ. ಇದಕ್ಕೆ ಕಾರಣವಾದ ಜೀನ್‌ಗಳನ್ನು ವಿಜ್ಞಾನಿ ಯೋರ್ನ್ ಪೀಲ್ 2002ರಲ್ಲಿ ಪ್ರಕಟಿಸಿದ.

ಉಪಯೋಗ: ಗಿಡಹೇನು, ಜಿಗಿಹುಳಗಳನ್ನು ತಿನ್ನುವ ಈ ದುಂಬಿ ಬೆಳೆಗೆ ಕಾವಲು. ಆದ್ದರಿಂದ ಗುರುತು ಹಿಡಿಯಲು ಕಲಿತರೆ ಹುಳಕ್ಕೂ ಮನುಷ್ಯನಿಗೂ ಒಳಿತು. ಮೈಮೇಲೆ ಕೂತರೆ ಹೊಡೆಯದೆ ಊದಿ ಹಾರಿಸಬೇಕು, ಇಲ್ಲವೆ ಹಾಳೆಯ ಮೇಲೆ ಹತ್ತಿಸಿಕೊಂಡು ಹೊರಗೆ ಬಿಡಬೇಕು. ಅದು ತಗಲಿದ ಜಾಗವನ್ನು ಕೂಡಲೇ ಸೋಪು, ನೀರಿನಿಂದ ತೊಳೆಯಬೇಕು.