ಬೇಂದ್ರೆಯವರಿಗೆ ಎರಡು ಗೂಡು

ಬಿಬವೇವಾಡಿಯ ನಮ್ಮ ಚಿಕ್ಕ ಓದುಬಳಗವು ಹೋದ ವರ್ಷ ತನ್ನ ಪುಸ್ತಕಗಳನ್ನು ಇನ್ನೂ ಚಿಕ್ಕ ಕೋಣೆಯೊಂದಕ್ಕೆ ಸಾಗಿಸಬೇಕಾಯಿತು. ಮೂರು ವರ್ಷಗಳಲ್ಲಿ ಒಮ್ಮೆಯೂ ಎರವಲು ಹೋಗದ ಪುಸ್ತಕಗಳನ್ನು ಬಿಟ್ಟುಕೊಡುವುದೆಂದು ಸಭೆ ನಿರ್ಣಯಿಸಿತು. ಸದಸ್ಯರೊಬ್ಬರ ಮಗ, ಹಿಂಜವಡಿಯಲ್ಲಿ ನೌಕರಿಯಲ್ಲಿರುವ ಯುವಕ, ತಾನೇ ಬರೆದಿದ್ದ ತಂತ್ರಾಂಶದಿಂದ ಪಟ್ಟಿ ತೆಗೆದುಕೊಟ್ಟ. ಆ ಪಟ್ಟಿಯಂತೆ ಎರಡು ಗಂಟುಗಳು ಮಾರ್ಕೆಟ್ ಯಾರ್ಡಿನ ಕಡೆಯ ರದ್ದಿ ಅಂಗಡಿಗೆ ಹೋದವು. ಮೂರನೆಯ ಗಂಟು ಕಟ್ಟುವಾಗ ಧಾರವಾಡದ ನಿವೃತ್ತ ಶಿಕ್ಷಕಿಯೊಬ್ಬರು ಬಂದು ಮೇಲಿನ ಪುಸ್ತಕವನ್ನು ಎತ್ತಿಕೊಂಡು, "ಬೇಂದ್ರೆ ಅಜ್ಜನ್ನ ಯಾರೂ ಓದೂದಿಲ್ಲ ಅಂತ ಯಾರಂದ್ರು? ಹೋದ ತಿಂಗಳ ನಾನ ಒಯ್ದಿದ್ದೆನಲ್ರೀ!" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಪಟ್ಟಿಯನ್ನು ಮತ್ತೆ ನೋಡಿದೆವು. ಅದರಲ್ಲಿ ಬೇಂದ್ರೆ ಇದ್ದರು, ಗೋಕಾಕರಿದ್ದರು, ಶ್ರೀರಂಗರಿದ್ದರು, ತ್ರಿವೇಣಿಯಿದ್ದರು. ಕುವೆಂಪು ಬಹುಪಾಲು ಪಾರಾಗಿದ್ದರು. ಕಾರಂತರ 'ಮೂಕಜ್ಜಿಯ ಕನಸುಗಳು' ಉಳಿದು 'ಚೋಮನ ದುಡಿ' ಮಾತ್ರ ರದ್ದಿಗೆ ಸಂದಿತ್ತು. ಬೇಂದ್ರೆಯವರು ಓದಿದ, ಗೋಕಾಕರು ಪಾಠ ಹೇಳಿದ ಫರ್ಗ್ಯುಸನ್ ಕಾಲೇಜು ಇರುವ ಊರಿನಲ್ಲಿಯೇ ಅವರಿಬ್ಬರನ್ನೂ ಓದುವವರಿಲ್ಲವೆಂದು ಯಂತ್ರವೊಂದು ಹೇಳಿತ್ತು. ಇದರ ಕಾರಣ ಹುಡುಕುತ್ತ ಹೋದ ನಮಗೆ ಸಾಹಿತ್ಯಚರಿತ್ರೆಗಿಂತ ಬೇರೆಯೇ ಒಂದು ಚರಿತ್ರೆ ಎದುರಾಯಿತು.

ಯುವಕ ಬಳಸಿದ್ದು ಜಾವಾ ಭಾಷೆಯ ಗ್ರಂಥಾಲಯದಲ್ಲಿರುವ 'ಹ್ಯಾಷ್‌ಟೇಬಲ್' ಎಂಬ ಕ್ಲಾಸನ್ನು. 1996ರ ಮೊದಲ ಆವೃತ್ತಿಯಿಂದಲೇ ಅದು ಅಲ್ಲಿದೆ. ಅದರ ಕೆಲಸ ಸರಳ: ಒಂದು ಕೀಲಿಯ ಹೆಸರಿನಲ್ಲಿ ಒಂದು ವಸ್ತುವನ್ನು ಇಡುವುದು, ಅದೇ ಕೀಲಿ ಕೊಟ್ಟಾಗ ಹಿಂತಿರುಗಿಸುವುದು. ಸಾವಿರ ಪುಸ್ತಕಗಳಿದ್ದರೂ ಮೊದಲಿನಿಂದ ಹುಡುಕುವುದಿಲ್ಲ. ಕೀಲಿಯ ಅಕ್ಷರಗಳನ್ನೇ ಲೆಕ್ಕಹಾಕಿ ಒಂದು ಸಂಖ್ಯೆ ಪಡೆದು, ಆ ಸಂಖ್ಯೆ ತೋರಿದ ಗೂಡಿಗೆ ನೇರವಾಗಿ ಕೈಹಾಕುತ್ತದೆ.

ಈ ಉಪಾಯವನ್ನು ಮೊದಲು ಬರೆದಿಟ್ಟವರು ಹಾನ್ಸ್ ಪೀಟರ್ ಲೂನ್. ಜರ್ಮನಿಯಲ್ಲಿ ಹುಟ್ಟಿ, ಜವಳಿ ಉದ್ಯಮದಲ್ಲಿ ದುಡಿದು, ಆಮೇಲೆ ಐಬಿಎಂ ಸೇರಿದವರು. 1953ರ ಜನವರಿಯಲ್ಲಿ ಸಂಸ್ಥೆಯೊಳಗಿನ ಟಿಪ್ಪಣಿಯೊಂದರಲ್ಲಿ ಅವರು ಇದನ್ನು ಸೂಚಿಸಿದರು. ಎರಡು ಕೀಲಿಗಳಿಗೆ ಒಂದೇ ಗೂಡು ಬಂದರೆ ಅವನ್ನು ಸರಪಳಿಯಂತೆ ಒಂದಕ್ಕೊಂದು ಜೋಡಿಸಬೇಕೆಂಬುದೂ ಅದರಲ್ಲಿತ್ತು. ಮರುವರ್ಷ ಅದೇ ಸಂಸ್ಥೆಯ ಜೀನ್ ಆಮ್ಡಾಲ್ ಮತ್ತು ಸಂಗಡಿಗರು, ಗೂಡು ತುಂಬಿದ್ದರೆ ಪಕ್ಕದ ಖಾಲಿ ಗೂಡನ್ನು ನೋಡುತ್ತ ಹೋಗುವ ಇನ್ನೊಂದು ದಾರಿ ಹಿಡಿದರು. ಸೋವಿಯತ್ ದೇಶದಲ್ಲಿ ಆಂದ್ರೆಯ್ ಎರ್ಶೋವ್ ಸ್ವತಂತ್ರವಾಗಿಯೇ ಅದೇ ದಾರಿಯನ್ನು ಕಂಡುಕೊಂಡರು. 'ಹ್ಯಾಷ್' ಎಂಬ ಮಾತು ಯಂತ್ರಶಾಲೆಗಳ ಆಡುಮಾತಾಗಿದ್ದು, ಗಂಭೀರ ಲೇಖನಗಳಲ್ಲಿ ನೆಲೆಗೊಂಡದ್ದು 1968ರ ರಾಬರ್ಟ್ ಮಾರಿಸ್‌ರ ಬರಹದ ನಂತರ. ಕೊಡಲಿ ಎಂಬರ್ಥದ ಫ್ರೆಂಚ್ ಪದದಿಂದ ಬಂದ ಇದಕ್ಕೆ ಅಡುಗೆಮನೆಯಲ್ಲಿ ಸಣ್ಣಗೆ ಕೊಚ್ಚುವುದೆಂದು ಅರ್ಥ. ನಮ್ಮ 'ಹೆಚ್ಚು' ಎಂಬ ಕ್ರಿಯಾಪದಕ್ಕೂ ಅದಕ್ಕೂ ನಂಟಿಲ್ಲ, ಆದರೆ ಇಂಗ್ಲಿಷ್ ಎಂ.ಎ. ಮಾಡಿದವರಿಗೆ ಇಂಥ ಸಾದೃಶ್ಯ ಕಂಡಾಗ ಸುಮ್ಮನಿರುವುದು ಕಷ್ಟ.

ಹೆಸರಿನಿಂದ ಸಂಖ್ಯೆಯನ್ನು ಪಡೆಯುವುದು ನಮಗೆ ಹೊಸದೂ ಅಲ್ಲ. ಕರ್ನಾಟಕ ಸಂಗೀತದ 72 ಮೇಳಗಳ ಯೋಜನೆಯನ್ನು 17ನೆಯ ಶತಮಾನದಲ್ಲಿ 'ಚತುರ್ದಂಡೀ ಪ್ರಕಾಶಿಕೆ'ಯಲ್ಲಿ ಕೊಟ್ಟ ವೆಂಕಟಮಖಿಯು ತಂಜಾವೂರಿನ ನಾಯಕರ ಮಂತ್ರಿ ಗೋವಿಂದ ದೀಕ್ಷಿತರ ಮಗ. ಆ ಮನೆತನ ತಮಿಳು ನಾಡಿನಲ್ಲಿ ನೆಲೆಸಿದ ಕನ್ನಡ ಮೂಲದ್ದು, ಅಂದರೆ ಅವರೂ ನಮ್ಮಂತೆ ಹೊರನಾಡ ಕನ್ನಡಿಗರೇ. ಮುಂದಿನವರು ಈ ಮೇಳಗಳಿಗೆ ಕಟಪಯಾದಿ ಕ್ರಮದಲ್ಲಿ ಹೆಸರಿಟ್ಟರು. ಮೊದಲೆರಡು ಅಕ್ಷರಗಳ ಅಂಕಗಳನ್ನು ತಿರುಗಿಸಿ ಓದಿದರೆ ಮೇಳದ ಸಂಖ್ಯೆ ಸಿಗುತ್ತದೆ. 'ಮೇಚಕಲ್ಯಾಣಿ'ಯಲ್ಲಿ ಮಕಾರಕ್ಕೆ 5, ಚಕಾರಕ್ಕೆ 6, ತಿರುಗಿಸಿದರೆ 65. ಶಂಕರಾಭರಣಕ್ಕೆ ಮುಂದೆ 'ಧೀರ' ಎಂದು ಸೇರಿಸಿದ್ದು 29 ಬರಲೆಂದೇ. ಗೂಡನ್ನು ಮೊದಲು ಗೊತ್ತುಮಾಡಿ ಅದಕ್ಕೆ ತಕ್ಕಂತೆ ಹೆಸರನ್ನು ತಿದ್ದಿದ ಕಾರಣ ಅಲ್ಲಿ ಇಬ್ಬರಿಗೆ ಒಂದೇ ಗೂಡು ಬರುವ ತೊಡಕಿಲ್ಲ. ಲೂನ್‌ರಿಗೆ ಆ ಸೌಲಭ್ಯವಿರಲಿಲ್ಲ. ಲೋಕದ ಹೆಸರುಗಳು ಹೇಗಿವೆಯೋ ಹಾಗೆಯೇ ಬರುತ್ತವೆ.

ಇನ್ನೊಂದು ಮುಖ್ಯ ಭೇದವಿದೆ. ಕಟಪಯಾದಿ ಸ್ವರಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ: ಬ, ಬಿ, ಬೇ ಎಲ್ಲವೂ 3. ನಮ್ಮ ಬೇಂದ್ರೆಯವರನ್ನು ಕಳೆದದ್ದು ಸ್ವರದ ಲೆಕ್ಕವೇ.

ಯೂನಿಕೋಡಿನಲ್ಲಿ 'ಬ'ಕಾರದ ಸಂಖ್ಯೆ 3244, 'ಏ' ಸ್ವರಚಿಹ್ನೆಯದು 3271. ಆದರೆ ಅದೇ ಚಿಹ್ನೆಯನ್ನು ಎರಡು ತುಂಡಾಗಿಯೂ ಬರೆಯಬಹುದು: ಹ್ರಸ್ವ 'ಎ' ಚಿಹ್ನೆ 3270, ಅದರ ಪಕ್ಕಕ್ಕೆ ದೀರ್ಘದ ಗುರುತು 3285. ಪರದೆಯ ಮೇಲೆ ಎರಡೂ 'ಬೇ' ಎಂದೇ ಕಾಣುತ್ತವೆ. ಜಾವಾ ಈಗ ಅನುಸರಿಸುವ ಸೂತ್ರ, ಇದುವರೆಗಿನ ಮೊತ್ತವನ್ನು 31ರಿಂದ ಗುಣಿಸಿ ಮುಂದಿನ ಅಕ್ಷರದ ಸಂಖ್ಯೆಯನ್ನು ಕೂಡಿಸುವುದು. ಹಾಗೆ ಮಾಡಿದರೆ ಮೊದಲ 'ಬೇ'ಗೆ 1,03,835 ಬರುತ್ತದೆ, ಎರಡನೆಯದಕ್ಕೆ 32,22,139. ಹ್ಯಾಷ್‌ಟೇಬಲ್ ಹುಟ್ಟುವಾಗ ಅದಕ್ಕಿರುವ ಗೂಡುಗಳು 11. ಭಾಗಿಸಿದಾಗ ಉಳಿಯುವ ಶೇಷವೇ ಗೂಡಿನ ಅಂಕೆ. ಒಂದು ಬೇ 6ನೆಯ ಗೂಡಿಗೆ ಹೋಯಿತು, ಇನ್ನೊಂದು 8ನೆಯದಕ್ಕೆ. ನಾವೇ ಕಾಗದದ ಮೇಲೆ ಲೆಕ್ಕಮಾಡಿ ನೋಡಿದೆವು. ಇಷ್ಟಕ್ಕೂ ಎರಡೂ ಒಂದೇ ಗೂಡಿಗೆ ಬಂದಿದ್ದರೂ ಪ್ರಯೋಜನವಿರಲಿಲ್ಲ. ಗೂಡಿನೊಳಗೆ ಕೀಲಿಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವಾಗ ಅವು ಬೇರೆಯೆಂದೇ ತೀರ್ಮಾನವಾಗುತ್ತಿತ್ತು.

ನಮ್ಮ ಮೂಲ ಪಟ್ಟಿಯನ್ನು ಬೆರಳಚ್ಚು ಮಾಡಿದ್ದು ಯೂನಿಕೋಡಿಗಿಂತ ಹಿಂದಿನ ಅಕ್ಷರಶೈಲಿಯೊಂದರಲ್ಲಿ. ಅಲ್ಲಿ ದೀರ್ಘದ ಗುರುತು ಬಿಡಿಯಾಗಿಯೇ ಕೂರುತ್ತಿತ್ತು, ಪರಿವರ್ತನೆ ಮಾಡಿದಾಗಲೂ ಬಿಡಿಯಾಗಿಯೇ ಉಳಿಯಿತು. ಎರವಲು ದಾಖಲಿಸುವಾಗ ಈಗಿನ ಕೀಲಿಮಣೆ ಇಡಿಯಾದ ಚಿಹ್ನೆಯನ್ನು ಕೊಟ್ಟಿತು. ಲೇಖಕರ ಹೆಸರು ಮತ್ತು ಪುಸ್ತಕದ ಹೆಸರು ಕೂಡಿದ ಆ ಕೀಲಿ ಕೋಷ್ಟಕದಲ್ಲಿ ಸಿಗಲಿಲ್ಲ. ಸಿಗದಿದ್ದರೆ ಹ್ಯಾಷ್‌ಟೇಬಲ್ ದೂರುವುದಿಲ್ಲ, ಏನೂ ಇಲ್ಲವೆಂದು ಹೇಳಿ ಸುಮ್ಮನಾಗುತ್ತದೆ. ತಂತ್ರಾಂಶ ಹೊಸ ನಮೂದು ತೆರೆಯಿತು. ಹಳೆಯದು ಮೂರು ವರ್ಷವೂ ಸೊನ್ನೆಯಲ್ಲೇ ನಿಂತಿತು. 'ಈ', 'ಏ', 'ಐ', 'ಒ', 'ಓ' ಚಿಹ್ನೆಗಳಿರುವ ಹೆಸರುಗಳಿಗೆಲ್ಲ ಇದೇ ಗತಿ. ಕಚೇರಿಯಲ್ಲಿ ಒಬ್ಬನ ಹೆಸರಿಗೆ ಎರಡು ಕಡತ ತೆರೆದು, ಖಾಲಿ ಕಡತ ನೋಡಿ ಪಿಂಚಣಿ ನಿಲ್ಲಿಸಿದಂತೆ ಎಂದು ಸರ್ಕಾರಿ ನೌಕರರಾದ ನಮಗೆ ಕೂಡಲೇ ಅರ್ಥವಾಯಿತು.

ಪುಣೆಯಲ್ಲಿ ಕುಳಿತು ಇದನ್ನು ಬರೆಯುವಾಗ ಒಂದು ವಿಷಾದವೂ ಇದೆ. 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಇದೇ ಊರಿನದು, ಭಾರತೀಯ ಲಿಪಿಗಳನ್ನು ಗಣಕಕ್ಕೆ ತಂದ ಜಿಸ್ಟ್ ತಂತ್ರಜ್ಞಾನ ಬೆಳೆದದ್ದು ಅಲ್ಲಿ. 1991ರಲ್ಲಿ ರಾಷ್ಟ್ರೀಯ ಮಾನಕವಾದ ಇಸ್ಕಿ ಸಂಕೇತದಲ್ಲಿ ಪ್ರತಿಯೊಂದು ಸ್ವರಚಿಹ್ನೆಗೂ ಒಂದೊಂದೇ ಸಂಖ್ಯೆ. ಕನ್ನಡದ 'ಬೇ'ಗೆ ಎರಡು ಕಾಗುಣಿತ ಇರಲಿಲ್ಲ. ಅದೇ ಚೌಕಟ್ಟನ್ನು ಆಧರಿಸಿದ ಯೂನಿಕೋಡ್, ಬಿಡಿ ತುಂಡುಗಳಿಗೂ ಜಾಗ ಕೊಟ್ಟಿತು. ಎರಡು ರೂಪಗಳೂ ಸಮಾನವೆಂದು ಸಾರಿ, ಒಂದು ರೂಪಕ್ಕೆ ತರುವ ನಿಯಮವನ್ನೂ ಕೊಟ್ಟಿತು, ನಿಜ. ಜಾವಾದಲ್ಲಿ 2006ರಿಂದ ಅದಕ್ಕೆ 'ನಾರ್ಮಲೈಸರ್' ಎಂಬ ಕ್ಲಾಸಿದೆ. ಆದರೆ ಹ್ಯಾಷ್‌ಟೇಬಲ್ ತಾನಾಗಿ ಅದನ್ನು ಕೇಳುವುದಿಲ್ಲ, ಬಳಸುವವರೇ ಕೀಲಿಯನ್ನು ಮೊದಲು ಅದರಲ್ಲಿ ಹಾಯಿಸಬೇಕು. ಇಂಗ್ಲಿಷಿನ ಉದಾಹರಣೆಗಳಿಂದ ಕಲಿತ ಹುಡುಗನಿಗೆ ಅದರ ಅಗತ್ಯ ಬೀಳುವ ಸಂದರ್ಭವೇ ಬಂದಿರಲಿಲ್ಲ. ಅವನ ಮೇಲೆ ಸಿಟ್ಟಾದವರು ಬಳಗದಲ್ಲಿದ್ದರು. ನಾವು ಆಗಲಿಲ್ಲ, ಪಟ್ಟಿಯನ್ನು ಕಣ್ಣಿಂದ ನೋಡದೆ ಸಹಿ ಹಾಕಿದವರು ನಾವೇ.

ಸಾಲೊಂದನ್ನು ಸೇರಿಸಿದ ಮೇಲೆ ಎರಡು ಬೇಂದ್ರೆಯವರು ಒಬ್ಬರಾದರು. ಅತಿ ಹೆಚ್ಚು ಎರವಲು ಹೋದವರ ಸಾಲಿನಲ್ಲಿ ಅವರು ಮೊದಲಿಗರಾಗಿದ್ದರು. ಅಂದು ಸಂಜೆಯೇ ರದ್ದಿ ಅಂಗಡಿಗೆ ಹೋದೆವು. ಒಂದು ಗಂಟು ಬಿಚ್ಚದೆ ಹಾಗೆಯೇ ಇತ್ತು. ಅಂಗಡಿಯವರು ಕೊಟ್ಟ ಬೆಲೆಯ ಮೇಲೆ ಹತ್ತು ರೂಪಾಯಿ ಮಾತ್ರ ಹೆಚ್ಚಿಗೆ ಪಡೆದು ಮರಳಿಸಿದರು. ಇನ್ನೊಂದು ಗಂಟು ಆಗಲೇ ಲಾರಿ ಹತ್ತಿತ್ತು. 'ಚೋಮನ ದುಡಿ' ಅದರಲ್ಲಿತ್ತು.