ಬಚ್ಚಲ ಹಂಡೆಯ ಜಾಗಕ್ಕೆ ಬಂದ ಯಂತ್ರ

ಬೆಂಗಳೂರಿನಿಂದ ಯಲಹಂಕದ ಕಡೆಗೆ ಹೋಗುವ ಬಳ್ಳಾರಿ ರಸ್ತೆಯ ಪಕ್ಕದಲ್ಲಿ, ಕೊಡಿಗೇಹಳ್ಳಿಗೆ ಅಂಟಿಕೊಂಡು ಬೆಳೆದ ಸಹಕಾರನಗರ, ಹೆಸರೇ ಹೇಳುವಂತೆ ಸಹಕಾರ ತತ್ವದ ಮೇಲೆ ಹುಟ್ಟಿದ ಬಡಾವಣೆ. ನಿವೇಶನ ಪಡೆದವರು ಸಾಲ ಮಾಡಿ ಒಂದು ಅಂತಸ್ತಿನ ಮನೆ ಕಟ್ಟಿ, ಸ್ವಲ್ಪ ಕೈ ಬಿಡುವಾದ ಮೇಲೆ ತಾರಸಿಗೆ ಸೌರ ಜಲತಾಪಕ ಹಾಕಿಸುತ್ತಿದ್ದ ಕಾಲವೊಂದಿತ್ತು. ಈಗ ಅಂಥದೇ ನಿವೇಶನಗಳಲ್ಲಿ ಮೂರು ನಾಲ್ಕು ಅಂತಸ್ತು ಎದ್ದಿವೆ. ಪಕ್ಕದ ಮನೆಯ ಗೋಡೆ ಮೇಲೆದ್ದರೆ ಈ ಮನೆಯ ಸೌರ ಫಲಕದ ಮೇಲೆ ಬೆಳಗಿನ ಹತ್ತು ಗಂಟೆಯವರೆಗೂ ನೆರಳು. ಆಗ ಮನೆಯ ಯಜಮಾನರು ಅಂಗಡಿಗೆ ಹೋಗಿ ಕೇಳಿದರೆ 'ಹೀಟ್ ಪಂಪ್ ಹಾಕಿಸಿಬಿಡಿ ಸಾರ್' ಎಂಬ ಸಲಹೆ ಸಿಗುತ್ತದೆ. ಯಾವ ಕಂಪೆನಿಯದು ಒಳ್ಳೆಯದು ಎಂಬುದು ಮರುಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಮೊದಲು ಈ ಯಂತ್ರ ಯಾವುದರ ಸ್ಥಾನಕ್ಕೆ ಬರುತ್ತಿದೆ, ಎಲ್ಲಿಂದ ಬಂದಿದೆ ಎಂಬುದನ್ನು ತಿಳಿಯುವುದು ಮೇಲು. ಏಕೆಂದರೆ ಬೆಂಗಳೂರಿನಲ್ಲಿ ಸ್ನಾನದ ನೀರು ಕಾಯಿಸುವ ವಿಧಾನ ಬದಲಾದಾಗಲೆಲ್ಲ ಅದರ ಹೊರೆ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟಿದೆ.

ಮೊದಲು ಆ ಹೊರೆ ಮನೆಯ ಹೆಂಗಸರದು. ಬಚ್ಚಲುಮನೆಯ ಮೂಲೆಯಲ್ಲಿ ಒಲೆ, ಅದರ ಮೇಲೆ ಗಾರೆಯಲ್ಲಿ ಹೂತಿಟ್ಟ ತಾಮ್ರದ ಹಂಡೆ. ಎಲ್ಲರಿಗಿಂತ ಮುಂಚೆ ಎದ್ದವರು ಸೌದೆ, ತೆಂಗಿನ ಗರಿ, ಮಟ್ಟೆ, ಕರಟ ಒಟ್ಟಿ ಉರಿ ಹಚ್ಚಬೇಕು, ಹೊಗೆ ಕುಡಿಯಬೇಕು, ಹಂಡೆ ಖಾಲಿಯಾದಂತೆ ಸೇದಿ ತುಂಬಬೇಕು. ನರಕ ಚತುರ್ದಶಿಯ ಹಿಂದಿನ ಸಂಜೆಯನ್ನು ನೀರು ತುಂಬುವ ಹಬ್ಬವೆಂದು ಕರೆದು, ಹಂಡೆಯನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು ಪೂಜಿಸುವ ನಾಡು ಇದು. ಬಿಸಿನೀರಿಗೆ ಹಬ್ಬದ ಗೌರವ ಕೊಟ್ಟ ನಾವು ಅದನ್ನು ಕಾಯಿಸುವವರಿಗೆ ಅಷ್ಟು ಗೌರವ ಕೊಟ್ಟೆವೇ ಎಂಬುದು ಬೇರೆ ಮಾತು.

ನಗರ ಬೆಳೆದಂತೆ ಹಿತ್ತಲ ಗರಿ ಸಾಲದಾಯಿತು. ಬೀದಿಗೊಂದು ಸೌದೆ ಡಿಪೋ ಬಂತು. ಮರ ಕೊಯ್ಯುವ ಮಿಲ್ಲಿನ ಹೊಟ್ಟನ್ನು ಗಿಡಿದು ಉರಿಸುವ ಒಲೆ ಬಂತು. ನಡುವೆ ಕೊಳವೆಯಿರುವ, ಇದ್ದಲು ಹಾಕುವ ತಾಮ್ರದ ಬಾಯ್ಲರ್ ಬಂತು. ಅಡಿಗೆಗೆ ಗ್ಯಾಸ್ ಬಂದ ಮೇಲೂ ಎಷ್ಟೋ ಮನೆಗಳ ಬಚ್ಚಲಲ್ಲಿ ಸೌದೆಯೇ ಉರಿಯುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಕೇಂದ್ರವನ್ನು ಹುಟ್ಟುಹಾಕಿದ ಪ್ರೊ. ಅಮೂಲ್ಯ ರೆಡ್ಡಿಯವರು, ಬಿ. ಸುಧಾಕರ ರೆಡ್ಡಿಯವರೊಡನೆ ಬೆಂಗಳೂರಿನ ಸೌದೆಯ ಬಗ್ಗೆಯೇ ಅಧ್ಯಯನ ನಡೆಸಿ 1983ರಲ್ಲಿ ಪ್ರಕಟಿಸಿದರು. ನಗರದ ಒಲೆಗೆ ಬರುವ ಕಟ್ಟಿಗೆ ಯಾವುದೋ ಊರಿನ ಮರ ಎಂಬುದು ಆ ಹೊತ್ತಿಗೆ ಕಡೆಗಣಿಸಲಾಗದ ಸಂಗತಿಯಾಗಿತ್ತು.

ಆಮೇಲೆ ಬಂದದ್ದು ಗೀಸರ್. ಈ ಹೆಸರು ಐಸ್‌ಲೆಂಡಿನ ಬಿಸಿನೀರಿನ ಚಿಲುಮೆಯದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಎಂಬಾತ ಗ್ಯಾಸಿನ ಉರಿಯಲ್ಲಿ ನೀರು ಕಾಯಿಸುವ ಯಂತ್ರ ಮಾಡಿ ಅದಕ್ಕೆ ಈ ಹೆಸರಿಟ್ಟ. ನಮ್ಮಲ್ಲಿ ವಿದ್ಯುತ್ತಿನ ಯಂತ್ರಕ್ಕೂ ಅದೇ ಹೆಸರು ನಿಂತಿತು. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಶಿವನಸಮುದ್ರದಿಂದ. ಆದರೆ ದೀಪಕ್ಕೆ ಬೇಕಾದ ವಿದ್ಯುತ್ತಿಗೂ ನೀರು ಕಾಯಿಸಲು ಬೇಕಾದ ವಿದ್ಯುತ್ತಿಗೂ ಅಜಗಜಾಂತರ. ಸಾಮಾನ್ಯ ಗೀಸರ್ 2 ಕಿಲೊವಾಟ್ ಎಳೆಯುತ್ತದೆ. ಬೆಳಗಿನ ಏಳು ಗಂಟೆಗೆ ಊರಿನಲ್ಲಿ 60 ಸಾವಿರ ಗೀಸರುಗಳು ಒಟ್ಟಿಗೆ ಉರಿದರೆ 120 ಮೆಗಾವಾಟ್ ಬೇಕು. 1940ರ ದಶಕದ ಕೊನೆಯಲ್ಲಿ ಆರಂಭವಾದ ಜೋಗದ ವಿದ್ಯುದಾಗಾರದ ಮೂಲ ಸಾಮರ್ಥ್ಯ ಅಷ್ಟೇ! ಶರಾವತಿಯ ಕಣಿವೆಯಲ್ಲಿ ಮಳೆ ಕಡಿಮೆಯಾದ ವರ್ಷ ರಾಜ್ಯವೆಲ್ಲ ಕತ್ತಲಲ್ಲಿ ಕೂರುತ್ತಿದ್ದ ದಿನಗಳಲ್ಲಿ, ಹೆಂಗಸರ ತಲೆಯಿಂದ ಇಳಿದ ಹೊರೆ ಹಳ್ಳಿಯ ಪಂಪ್‌ಸೆಟ್ಟಿನ ಪಾಲಿನ ವಿದ್ಯುತ್ತಿನ ಮೇಲೆ ಬಿತ್ತೆಂದರೆ ತಪ್ಪಿಲ್ಲ.

ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು 1991ರಲ್ಲಿ ಕರ್ನಾಟಕಕ್ಕಾಗಿ ರೂಪಿಸಿದ ಪರ್ಯಾಯ ವಿದ್ಯುತ್ ಯೋಜನೆಯಲ್ಲಿ ಗೀಸರಿನ ಬದಲು ಸೌರ ಜಲತಾಪಕ ಎಂಬುದೂ ಒಂದು ಅಂಶವಾಗಿತ್ತು. ಬೆಂಗಳೂರಿಗೆ ಅದು ಒಗ್ಗಿತು. ಚಪ್ಪಟೆ ತಾರಸಿಗಳು, ಹದವಾದ ಬಿಸಿಲು, ಮೇಲಾಗಿ ವರ್ಷದ ಬಹುದಿನ ಬೆಳಗಿನ ಚಳಿ. ಟಾಟಾ ಬಿಪಿ ಸೋಲಾರ್ 1989ರಲ್ಲಿ ಇಲ್ಲಿ ಆರಂಭವಾಯಿತು. 1995ರಲ್ಲಿ ಹುಟ್ಟಿದ ಸೆಲ್ಕೊ ಸಂಸ್ಥೆಯ ಸ್ಥಾಪಕರಲ್ಲೊಬ್ಬರ ಹೆಸರು ಹರೀಶ್ ಹಂಡೆ. ಸೂರ್ಯನ ಬಿಸಿಲನ್ನು ಮಾರಲು ಹೊರಟವರಿಗೆ ಇದಕ್ಕಿಂತ ಒಪ್ಪುವ ಮನೆತನದ ಹೆಸರು ಸಿಕ್ಕೀತೇ? 2007ರಲ್ಲಿ ರಾಜ್ಯ ಸರಕಾರ ಹೊಸ ಮನೆಗಳಿಗೆ ಸೌರ ಜಲತಾಪಕವನ್ನು ಕಡ್ಡಾಯ ಮಾಡಿತು. ಹಾಕಿಸಿಕೊಂಡವರಿಗೆ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದ ರಿಯಾಯಿತಿಯೂ ಇತ್ತು. ಸಹಕಾರನಗರವನ್ನು ಒಳಗೊಂಡ ಬ್ಯಾಟರಾಯನಪುರದ ಪ್ರದೇಶ ಮಹಾನಗರ ಪಾಲಿಕೆಗೆ ಸೇರಿದ್ದೂ ಅದೇ ವರ್ಷ.

ಆದರೆ ಬಿಸಿಲಿನ ಲೆಕ್ಕ ತಾರಸಿಯ ಲೆಕ್ಕವೂ ಹೌದು. 100 ಲೀಟರು ನೀರಿಗೆ ಸುಮಾರು 2 ಚದರ ಮೀಟರು ಫಲಕ ಬೇಕು. ಒಂದೇ ತಾರಸಿಯ ಕೆಳಗೆ ನಾಲ್ಕು ಬಾಡಿಗೆ ಸಂಸಾರಗಳಾದಾಗ ಜಾಗ ಸಾಲುವುದಿಲ್ಲ. ಮೇಲಿನ ಅಂತಸ್ತಿಗೆ ಸಿಕ್ಕ ಬಿಸಿನೀರು ಕೆಳಗಿನ ನಲ್ಲಿಗೆ ಇಳಿಯುವ ಹೊತ್ತಿಗೆ ಎರಡು ಬಕೆಟ್ ತಣ್ಣೀರು ಚೆಲ್ಲಿರುತ್ತದೆ. ಕೊಳವೆಬಾವಿಯ ಗಡಸು ನೀರು ಚಪ್ಪಟೆ ಫಲಕದ ತಾಮ್ರದ ನಳಿಗೆಗಳಲ್ಲಿ ಸುಣ್ಣ ಕಟ್ಟುತ್ತದೆ. ಆಷಾಢ ಶ್ರಾವಣದ ಮೋಡದಲ್ಲಿ ತೊಟ್ಟಿಯೊಳಗಿನ ವಿದ್ಯುತ್ ಕಾಯಿಲ್ ಹಾಕಲೇಬೇಕು. ಪಕ್ಕದ ಮನೆಯವರು ಮಹಡಿ ಎತ್ತದಂತೆ ತಡೆಯುವ ಹಕ್ಕಂತೂ ಯಾರಿಗೂ ಇಲ್ಲ.

ಹೀಟ್ ಪಂಪ್ ಪ್ರವೇಶಿಸುವುದು ಇಲ್ಲಿಯೇ. ವಿಚಿತ್ರವೆಂದರೆ, ನೀರು ಕಾಯಿಸಲು ಬಂದ ಈ ಯಂತ್ರದ ಮೂಲ ಯೋಚನೆ ಹುಟ್ಟಿದ್ದು ಬಿಸಿ ದೇಶಗಳ ಮನೆಗಳನ್ನು ತಂಪು ಮಾಡುವ ಆಸೆಯಿಂದ. ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಭಾರತದಲ್ಲಿದ್ದ ಬ್ರಿಟಿಷರಿಗೆ ಸೆಖೆಯಿಂದ ಪಾರಾಗಲು ಇದ್ದ ಸಾಧನಗಳಲ್ಲಿ ಎರಡು: ಆಳು ಹಗ್ಗ ಜಗ್ಗಿ ತೂಗುವ ಪಂಕ, ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆ. ಬಾಸ್ಟನ್ನಿನ ಮಂಜುಗಡ್ಡೆ ಕಲ್ಕತ್ತೆಗೆ ಮೊದಲು ಬಂದಿಳಿದದ್ದು 1833ರಲ್ಲಿ. ಮದರಾಸಿನಲ್ಲಿ ಅದನ್ನಿಡಲು ಕಟ್ಟಿದ ಮನೆಯೇ ಇಂದಿನ ವಿವೇಕಾನಂದರ್ ಇಲ್ಲಂ.

ಇಂಥ ಹೊತ್ತಿನಲ್ಲಿ, ದಕ್ಷಿಣ ಆಫ್ರಿಕದ ಕೇಪ್‌ನಲ್ಲಿ ಹತ್ತು ವರ್ಷ ಕಳೆದು ಸ್ಕಾಟ್‌ಲೆಂಡಿನ ರಾಜಖಗೋಳಜ್ಞನಾದ ಚಾರ್ಲ್ಸ್ ಪಿಯಾಜಿ ಸ್ಮಿತ್, 1850ರ ಸುಮಾರಿಗೆ ಒಂದು ಉಪಾಯ ಮುಂದಿಟ್ಟ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಆ ಬಿಸಿಯನ್ನು ಹೊರಗೆ ಬಿಟ್ಟು, ಒತ್ತಡ ಇಳಿಸಿದರೆ ಮೊದಲಿಗಿಂತ ತಣ್ಣಗಾಗುತ್ತದೆ. ಅದನ್ನು ಕೋಣೆಯೊಳಗೆ ಬಿಡಿ ಎಂದ. 1852ರಲ್ಲಿ ಗ್ಲಾಸ್ಗೋದ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು) ಇದೇ ಯಂತ್ರವನ್ನು ಹಿಂದುಮುಂದಾಗಿ ಓಡಿಸಿದರೆ ಮನೆಯನ್ನು ಬೆಚ್ಚಗೂ ಮಾಡಬಹುದೆಂದು ಲೆಕ್ಕ ಹಾಕಿ ತೋರಿಸಿದರು. ಕಲ್ಲಿದ್ದಲನ್ನು ನೇರವಾಗಿ ಉರಿಸಿ ಪಡೆಯುವ ಶಾಖಕ್ಕಿಂತ, ಅದೇ ಕಲ್ಲಿದ್ದಲಿನಿಂದ ಯಂತ್ರ ಓಡಿಸಿ ಹೊರಗಿನ ಗಾಳಿಯಿಂದ ಎತ್ತಿ ತರುವ ಶಾಖ ಎಷ್ಟೋ ಹೆಚ್ಚು ಎಂಬುದು ಆ ಲೆಕ್ಕದ ಸಾರ. ಬಾವಿಯಿಂದ ನೀರು ಸೇದುವವನು ನೀರನ್ನು ಸೃಷ್ಟಿಸುವುದಿಲ್ಲ, ಮೇಲಕ್ಕೆ ಎತ್ತುತ್ತಾನೆ. ಹೀಟ್ ಪಂಪ್ ಕೂಡ ಶಾಖವನ್ನು ಹುಟ್ಟಿಸುವುದಿಲ್ಲ, ಎತ್ತುತ್ತದೆ.

ಲೆಕ್ಕ ಸರಿಯಾಗಿತ್ತು, ಆದರೆ ಕಲ್ಲಿದ್ದಲು ಅಗ್ಗವಾಗಿತ್ತು. ಆಸ್ಟ್ರಿಯದ ಪೀಟರ್ ಫಾನ್ ರಿಟ್ಟಿಂಗರ್ 1850ರ ದಶಕದಲ್ಲಿ ಎಬೆನ್‌ಸೇ ಎಂಬಲ್ಲಿ ಉಪ್ಪುನೀರು ಇಂಗಿಸಲು ಇಂಥ ಯಂತ್ರ ನಿರ್ಮಿಸಿದ. ಕಟ್ಟಡ ಬೆಚ್ಚಗಿಡುವ ಕೆಲಸಕ್ಕೆ ಅದು ಹೆಸರಾಗಲು 1938ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಪುರಭವನದವರೆಗೆ ಕಾಯಬೇಕಾಯಿತು. ಅಲ್ಲಿ ಶಾಖ ಕೊಟ್ಟದ್ದು ಕಟ್ಟಡದ ಪಕ್ಕದಲ್ಲೇ ಹರಿಯುವ ಲಿಮ್ಮಾಟ್ ನದಿಯ ತಣ್ಣನೆಯ ನೀರು. ಇತ್ತ ತಂಪು ಮಾಡುವ ಅವಳಿಗಳಾದ ಫ್ರಿಜ್ಜು ಮತ್ತು ಏರ್ ಕಂಡೀಷನರು ಲೋಕವನ್ನೆಲ್ಲ ಸುತ್ತಿ ನಮ್ಮ ಮನೆಗಳಿಗೆ ಮೊದಲೇ ಬಂದಿದ್ದವು.

ಇನ್ನು ಕಂಪೆನಿಗಳ ಹೋಲಿಕೆ. 25 ಡಿಗ್ರಿಯ 100 ಲೀಟರು ನೀರನ್ನು 55 ಡಿಗ್ರಿಗೆ ಏರಿಸಲು ಗೀಸರಿಗೆ ಸುಮಾರು ಮೂರೂವರೆ ಯೂನಿಟ್ ಬೇಕು. ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ ಶಾಖ ಕೊಡುವ ಹೀಟ್ ಪಂಪಿಗೆ ಒಂದೂಕಾಲು ಯೂನಿಟ್ಟಿನೊಳಗೆ ಆ ಕೆಲಸ ಮುಗಿಯುತ್ತದೆ. ಈ 'ಮೂರು' ಎಂಬ ಅಂಕಿಯೇ ಎಲ್ಲ ಕಂಪೆನಿಗಳೂ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕುವ ದಕ್ಷತೆಯ ಗುಣಾಂಕ. ಒಬ್ಬರದು 3, ಇನ್ನೊಬ್ಬರದು 4. ಆದರೆ ಎಷ್ಟು ಬಿಸಿಯ ಗಾಳಿಯಲ್ಲಿ, ನೀರನ್ನು ಎಷ್ಟು ಡಿಗ್ರಿಗೆ ಏರಿಸಿ ಅಳೆದದ್ದು ಎಂಬುದನ್ನು ನೋಡದೆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವುದು ಸೇರನ್ನೂ ಕಿಲೋವನ್ನೂ ಹೋಲಿಸಿದಂತೆ. ಯೂರೋಪಿನ ಪರೀಕ್ಷೆಯಲ್ಲಿ ಸಾಧಾರಣ ಹವೆಗೆ ಹಿಡಿಯುವ ಹೊರಗಾಳಿ 7 ಡಿಗ್ರಿ. ಬೆಂಗಳೂರಿನ ದಾಖಲೆಯಲ್ಲಿರುವ ಅತಿ ಚಳಿಯ ದಿನ 1884ರ ಜನವರಿ 13. ಅಂದು ಕೂಡ ಪಾದರಸ 7.8ಕ್ಕಿಂತ ಕೆಳಗಿಳಿಯಲಿಲ್ಲ. ಎಂದರೆ ಅಲ್ಲಿನ ಪರೀಕ್ಷೆಯಲ್ಲಿ ಸಾಧಾರಣ ಅಂಕ ಪಡೆದ ಯಂತ್ರವೂ ಇಲ್ಲಿ ಮೇಲಿನ ಅಂಕ ಪಡೆಯುತ್ತದೆ. ಕಂಪೆನಿಯ ಹೆಸರಿಗಿಂತ ಊರಿನ ಹವೆಯ ಕೊಡುಗೆಯೇ ದೊಡ್ಡದು.

ಹೆಸರುಗಳ ಹಿಂದೆಯೂ ಇತಿಹಾಸವಿದೆ, ಇಲ್ಲದಿಲ್ಲ. ಅಮೆರಿಕದ ಎ.ಒ. ಸ್ಮಿತ್ ಕಂಪೆನಿ ಉಕ್ಕಿನ ತೊಟ್ಟಿಯೊಳಗೆ ಗಾಜಿನ ಲೇಪ ಕೊಡುವ ವಿಧಾನಕ್ಕೆ 1936ರಲ್ಲೇ ಪೇಟೆಂಟ್ ಪಡೆದದ್ದು. ರಾಕೋಲ್ಡ್ ಇಂದು ಇಟಲಿಯ ಅರಿಸ್ಟನ್ ಬಳಗದ್ದು. ವಿ-ಗಾರ್ಡ್ 1977ರಲ್ಲಿ ಕೇರಳದಲ್ಲಿ ಸ್ಟೆಬಿಲೈಸರ್ ಮಾರುತ್ತ ಹುಟ್ಟಿದ್ದು. ಯಾರದ್ದೇ ಆದರೂ ಗಾಜಿನ ಲೇಪದ ಉಕ್ಕಿನ ತೊಟ್ಟಿಯೊಳಗೆ ಮೆಗ್ನೀಸಿಯಂ ಕಡ್ಡಿಯೊಂದಿರುತ್ತದೆ. ತೊಟ್ಟಿ ತುಕ್ಕು ಹಿಡಿಯುವ ಬದಲು ಆ ಕಡ್ಡಿ ತಾನು ಸವೆಯುತ್ತದೆ. ಸವೆದದ್ದನ್ನು ಬದಲಿಸದಿದ್ದರೆ ಮುಂದಿನ ಸರದಿ ತೊಟ್ಟಿಯದೇ. ಆದ್ದರಿಂದ ಕೊಳವೆಬಾವಿ ನೀರಿನ ಮನೆಯವರು ಕೇಳಬೇಕಾದ ಮೊದಲ ಪ್ರಶ್ನೆ ದಕ್ಷತೆಯ ಅಂಕಿಯಲ್ಲ. ಕಡ್ಡಿ ಬದಲಿಸಲು ಯಲಹಂಕದಿಂದಲೋ ಹೆಬ್ಬಾಳದಿಂದಲೋ ಯಾರಾದರೂ ಬರುತ್ತಾರೆಯೇ ಎಂಬುದು.

ಎರಡನೆಯದು ಒಳಗೆ ಸುತ್ತುವ ಅನಿಲ. ಓಜೋನ್ ಪದರ ಉಳಿಸಲು 1987ರ ಮಾಂಟ್ರಿಯಲ್ ಒಪ್ಪಂದ ಹಳೆಯ ಅನಿಲಗಳನ್ನು ಹಿಂದೆ ಸರಿಸಿತು. ಬದಲಿಗೆ ಬಂದವು ಓಜೋನಿಗೆ ತೊಂದರೆ ಕೊಡದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಗಟ್ಟಿಗರು. ಆರ್-410ಎ ಎಂಬುದು ತೂಕಕ್ಕೆ ತೂಕ ಇಂಗಾಲದ ಡೈ ಆಕ್ಸೈಡಿನ ಎರಡು ಸಾವಿರ ಪಟ್ಟು, ಆರ್-134ಎ ಸಾವಿರದ ನಾನೂರು ಪಟ್ಟು ಬಿಸಿ ಮಾಡಬಲ್ಲದು. ಆರ್-290 ಎಂಬುದು ಪ್ರೋಪೇನ್; ನಮ್ಮ ಅಡಿಗೆ ಗ್ಯಾಸಿನಲ್ಲೂ ಇರುವಂಥದ್ದು. ಅದರ ಪ್ರಭಾವ ನಗಣ್ಯ, ಆದರೆ ಹೊತ್ತಿಕೊಳ್ಳುವ ಗುಣವಿದೆ. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿದ ಮೇಲೆ ಹಳೆಯ ಅನಿಲಗಳ ದಿನ ಎಣಿಕೆಯಲ್ಲಿದೆ. ಹದಿನೈದು ವರ್ಷ ಬಾಳಲಿ ಎಂದು ಕೊಳ್ಳುವ ಯಂತ್ರಕ್ಕೆ ಹತ್ತು ವರ್ಷದ ಮೇಲೆ ಅನಿಲ ತುಂಬಿಸಲು ಸಿಗುತ್ತದೆಯೇ ಎಂದು ಕೇಳುವುದು ಅತಿಯಲ್ಲ.

ಬೆಲೆ ಗೀಸರಿನ ಹಲವು ಪಟ್ಟು. ಹಾಗಾಗಿ ಸ್ವಂತ ಮನೆಯವರು ಹಾಕಿಸಬಲ್ಲರು; ಬಾಡಿಗೆಯವರು ಕೈಗೆ ಸಿಗುವ ರಾಡನ್ನೇ ಬಕೆಟ್ಟಿಗೆ ಇಳಿಸುತ್ತಾರೆ. 2023ರಲ್ಲಿ ಬಂದ ಗೃಹಜ್ಯೋತಿಯ ಮಿತಿ ತಿಂಗಳಿಗೆ 200 ಯೂನಿಟ್. ದಿನಕ್ಕೆ 100 ಲೀಟರು ಕಾಯಿಸುವ ಗೀಸರೊಂದೇ ಅದರಲ್ಲಿ ನೂರನ್ನು ನುಂಗುತ್ತದೆ, ಹೀಟ್ ಪಂಪ್ ಮೂವತ್ತೈದನ್ನು. ಮಿತಿ ದಾಟಿ ಪೂರ್ತಿ ಬಿಲ್ಲು ಕಟ್ಟುವವರು ಬಾಡಿಗೆದಾರರು, ಯಂತ್ರ ಯಾವುದಿರಬೇಕೆಂದು ತೀರ್ಮಾನಿಸುವವರು ಮಾಲೀಕರು. ಹೊರೆ ಮತ್ತೊಮ್ಮೆ ತಲೆ ಬದಲಿಸಿದೆ.

ಕೂರಿಸುವ ಜಾಗದ ಬಗ್ಗೆ ಒಂದು ಮಾತು. ಗಾಳಿಯಾಡದ ಸಣ್ಣ ಕೋಣೆಯಲ್ಲಿಟ್ಟರೆ ಯಂತ್ರ ತನ್ನ ಸುತ್ತಲ ಗಾಳಿಯನ್ನು ತಾನೇ ತಣ್ಣಗಾಗಿಸಿಕೊಂಡು ದಕ್ಷತೆ ಕಳೆದುಕೊಳ್ಳುತ್ತದೆ. ಏಕೆಂದರೆ ಪಿಯಾಜಿ ಸ್ಮಿತ್ ಬಯಸಿದ್ದ ತಂಪುಗಾಳಿ ಇದರ ಇನ್ನೊಂದು ಬಾಯಿಂದ ಈಗಲೂ ಬರುತ್ತಲೇ ಇರುತ್ತದೆ. ಕೆಲವು ಮಾದರಿಗಳಲ್ಲಿ ಕೊಳವೆ ಜೋಡಿಸಿ ಅದನ್ನು ಅಡಿಗೆಮನೆಯ ಕಡೆ ತಿರುಗಿಸಬಹುದು. 2016ರ ಏಪ್ರಿಲಿನಲ್ಲಿ 39.2 ಡಿಗ್ರಿ ಕಂಡ ಊರಿಗೆ ಅದೇನು ಕಡಿಮೆ ಲಾಭವಲ್ಲ. ತಾರಸಿಯ ಮೇಲೆ ಕೂರಿಸಿದರೆ ಮಾತ್ರ ಆ ತಂಪೆಲ್ಲ ಒಣಹಾಕಿದ ಬಟ್ಟೆಗಳ ಮೇಲೆ ಬೀಸಿ ಹೋಗುತ್ತದೆ.