ಸಿಐಡಿ 999 ಮತ್ತು ಕಾದಂಬರಿ ಓದುವ ನಿರ್ದೇಶಕರು

ಮುಂದಿನ ಜೇಮ್ಸ್ ಬಾಂಡ್ ಚಿತ್ರವನ್ನು ಡೆನಿ ವಿಲ್‌ನವ್ ನಿರ್ದೇಶಿಸುತ್ತಾರೆ ಎಂಬ ಸುದ್ದಿ ಬಂದದ್ದು 2025ರ ಜೂನ್‌ನಲ್ಲಿ. ಆ ವಾರ ಇಟ್ಟಮಡುವಿನ ದರ್ಶಿನಿಯೊಂದರ ಮುಂದೆ ಬೈ-ಟು ಕಾಫಿ ಹಿಡಿದ ಇಬ್ಬರು ಹುಡುಗರು ಜಗಳಕ್ಕೆ ನಿಂತಿದ್ದರು. ‘ಡ್ಯೂನ್’ ಮಾಡಿದವರು ಸಿಕ್ಕಿದ್ದು ಬಾಂಡ್‌ನ ಪುಣ್ಯ ಅಂತ ಒಬ್ಬ. ಅಷ್ಟು ನಿಧಾನಸ್ಥರಿಗೆ ಕಾರ್ ಚೇಸ್ ಯಾಕಪ್ಪಾ ಅಂತ ಇನ್ನೊಬ್ಬ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಲೋಟ ಕೆಳಗಿಟ್ಟು, ‘ಕಸ್ತೂರಿ ನಿವಾಸ ತೆಗೆದವರೇ ಜೇಡರ ಬಲೆನೂ ತೆಗೆದಿದ್ದು, ಗೊತ್ತಾ?’ ಎಂದರು. ಹುಡುಗರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ಎರಡನ್ನೂ ಒಟ್ಟಿಗಿಟ್ಟು ಯೋಚಿಸಿರಲಿಲ್ಲ. ಕಾಮಾಕ್ಯ ಸ್ಟಾಪಿನವರೆಗೆ ನಡೆಯುತ್ತ ಅದನ್ನೇ ಮೆಲುಕು ಹಾಕಿದೆ.

ಬಾಂಡ್ ಚಿತ್ರಗಳು ಬಹಳ ಕಾಲ ದೊಡ್ಡ ಹೆಸರಿನ ನಿರ್ದೇಶಕರನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. 1962ರ ‘ಡಾಕ್ಟರ್ ನೋ’ ತೆಗೆದ ಟೆರೆನ್ಸ್ ಯಂಗ್‌ರಿಂದ ಹಿಡಿದು 1981ರಿಂದ 1989ರೊಳಗೆ ಐದು ಚಿತ್ರ ಮುಗಿಸಿದ ಜಾನ್ ಗ್ಲೆನ್‌ವರೆಗೆ ಎಲ್ಲರೂ ನಿರ್ಮಾಪಕರ ಮನೆ ಕೆಲಸಗಾರರಂತಿದ್ದರು. ಬಾಂಡ್ ಮಾಡುವ ಆಸೆ ಸ್ಪೀಲ್‌ಬರ್ಗ್‌ಗೂ ಇತ್ತು, ಕೈಗೂಡಲಿಲ್ಲ. ಆಸ್ಕರ್ ಗೆದ್ದ ಸ್ಯಾಮ್ ಮೆಂಡಿಸ್ ಬಂದು 2012ರಲ್ಲಿ ‘ಸ್ಕೈಫಾಲ್’ ಕೊಟ್ಟ ಮೇಲೆ ಗಾಳಿ ತಿರುಗಿತು. ಅದೇ ಮೆಂಡಿಸ್‌ರ ಎರಡನೆಯ ಬಾಂಡ್ ‘ಸ್ಪೆಕ್ಟರ್’ ಮೊದಲನೆಯದರ ಸಮಕ್ಕೆ ನಿಲ್ಲಲಿಲ್ಲ. ಡ್ಯಾನಿ ಬಾಯ್ಲ್ 2018ರಲ್ಲಿ ಒಪ್ಪಿಕೊಂಡ ಮೇಲೂ ಹೊರನಡೆದರು. ಅಲ್ಲಿಯ ಲೆಕ್ಕ ಇಷ್ಟೇ.

ಕನ್ನಡದ ಲೆಕ್ಕ ಇದಕ್ಕಿಂತ ಸ್ವಾರಸ್ಯ. ಎಸ್.ಕೆ. ಭಗವಾನ್ ಗೂಢಚಾರನ ಕಡೆಗೆ ಬರುವ ಮೊದಲೇ, 1966ರಲ್ಲಿ, ಎ.ಸಿ. ನರಸಿಂಹಮೂರ್ತಿಯವರ ಜೊತೆ ಸೇರಿ ಅ.ನ.ಕೃ. ಅವರ ಕಾದಂಬರಿ ‘ಸಂಧ್ಯಾರಾಗ’ವನ್ನು ತೆರೆಗೆ ತಂದಿದ್ದರು. ಭೀಮಸೇನ ಜೋಶಿಯವರು ಹಾಡಿದ ಚಿತ್ರ ಅದು. ಅಂಥವರು ಎರಡೇ ವರ್ಷದಲ್ಲಿ ಛಾಯಾಗ್ರಾಹಕ ದೊರೈರಾಜ್ ಅವರೊಡನೆ ಜೋಡಿಯಾಗಿ ‘ಜೇಡರ ಬಲೆ’ ಹೆಣೆದರು. ನಾಯಕ ಪ್ರಕಾಶ್, ಗುಪ್ತನಾಮ ಸಿಐಡಿ 999, ಪಾತ್ರಧಾರಿ ರಾಜ್‌ಕುಮಾರ್. ಅದೇ 1968ರಲ್ಲಿ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಕನ್ನಡಕ್ಕೆ ಲಕ್ಷ್ಮಿ ಬಂದದ್ದು ಗೋವಾದ ಚಿತ್ರದಿಂದ. ಮುಂದೆ ಹಿಂದಿಯಲ್ಲಿ ತಾರೆಯಾದ ರೇಖಾ ನಾಯಕಿಯಾದದ್ದು ಜಾಕ್‌ಪಾಟ್‌ನಲ್ಲಿ.

ಭಾರತದ ಮೊದಲ ಬಾಂಡ್ ಚಿತ್ರ ನಮ್ಮದೇ ಎಂದು ಅಭಿಮಾನಿಗಳು ಹೇಳುವುದುಂಟು. ಅಭಿಮಾನ ಸರಿ, ವರ್ಷ ಸರಿಯಿಲ್ಲ. ತೆಲುಗಿನ ‘ಗೂಢಚಾರಿ 116’ ಬಂದದ್ದು 1966ರಲ್ಲಿ, ಅದರ ಹಿಂದಿ ರೂಪ ‘ಫರ್ಜ್’ 1967ರಲ್ಲಿ. ‘ಫರ್ಜ್’ ನಿರ್ದೇಶಿಸಿದ ರವಿಕಾಂತ್ ನಗಾಯಿಚ್ ಕೂಡ ಮೂಲತಃ ಕ್ಯಾಮೆರಾದವರು. ನಮ್ಮ ದೊರೈ ಅವರೂ ಹಾಗೇ. ಇದು ಬರೀ ಕಾಕತಾಳೀಯ ಅಂತ ನನಗನಿಸುವುದಿಲ್ಲ. ಕಡಿಮೆ ದುಡ್ಡಿನಲ್ಲಿ ಕಳ್ಳಬಾಗಿಲು, ಗುಪ್ತ ಅಡಗುತಾಣ, ಮಿನುಗುವ ಯಂತ್ರಗಳನ್ನು ನಂಬಿಸಬೇಕಾದರೆ ಬೆಳಕು-ನೆರಳಿನ ಮರ್ಮ ಬಲ್ಲವರೇ ಬೇಕು. ಕಪ್ಪು-ಬಿಳುಪಿನಲ್ಲಿ ರಟ್ಟೂ ಉಕ್ಕಿನಂತೆ ಕಾಣುತ್ತದೆ.

ಭಗವಾನ್ ಅವರ ಕೊಡುಗೆ ಬೇರೆ ಕಡೆ ಇತ್ತು. ‘ಬೇಡರ ಕಣ್ಣಪ್ಪ’ನಾಗಿ ಜನ ಕೈಮುಗಿದಿದ್ದ ನಟನ ಕೈಗೆ ಪಿಸ್ತೂಲು ಕೊಡುವುದು ಸಣ್ಣ ಧೈರ್ಯವಲ್ಲ. ರಾಜ್‌ಕುಮಾರ್ 1968ರಲ್ಲೇ ತ್ರಿವೇಣಿಯವರ ಕಾದಂಬರಿ ಆಧರಿಸಿದ ‘ಹಣ್ಣೆಲೆ ಚಿಗುರಿದಾಗ’ದಲ್ಲೂ ಇದ್ದರು ಎಂಬುದನ್ನು ನೆನೆದರೆ ಆ ಧೈರ್ಯದ ಅಳತೆ ಸಿಗುತ್ತದೆ. ಬ್ರಿಟಿಷ್ ಬಾಂಡ್‌ನ ಉಡಾಫೆಯನ್ನು ದಂಪತಿಗಳು, ಅತ್ತೆಯಂದಿರು ಒಟ್ಟಿಗೆ ಕೂತು ನೋಡುವ ಹದಕ್ಕೆ ತರಬೇಕಿತ್ತು. 999 ತುಂಟನಾದ, ಲಂಪಟನಾಗಲಿಲ್ಲ. ಜಿ.ಕೆ. ವೆಂಕಟೇಶ್ ಸಂಗೀತ ಮಿಕ್ಕದ್ದನ್ನು ನೋಡಿಕೊಂಡಿತು. ಮನೆಮಂದಿಯ ನಾಡಿ ಹಿಡಿಯುವ ಈ ಜಾಣ್ಮೆಯೇ ಮುಂದೆ ಜೋಡಿಯ ಬಂಡವಾಳವಾಯಿತು: 1971ರಲ್ಲಿ ‘ಕಸ್ತೂರಿ ನಿವಾಸ’, 1974ರಲ್ಲಿ ವಾಣಿಯವರ ‘ಎರಡು ಕನಸು’, ಆಮೇಲೆ ಭಾರತೀಸುತರ ‘ಬಯಲು ದಾರಿ’, ‘ಗಿರಿಕನ್ಯೆ’.

ಹಾಗಾಗಿ ‘ಮೆಚ್ಚುಗೆ ಪಡೆದ ನಿರ್ದೇಶಕ ಗೂಢಚಾರ ಚಿತ್ರಕ್ಕೆ ಒಗ್ಗುತ್ತಾನೆಯೇ’ ಎಂಬ ಪರೀಕ್ಷೆ ಕನ್ನಡದಲ್ಲಿ ನಿಜವಾಗಿ ನಡೆದದ್ದು 1978ರಲ್ಲಿ. ಅಷ್ಟು ಹೊತ್ತಿಗೆ ಕಾದಂಬರಿ ಚಿತ್ರಗಳಿಂದ ಹೆಸರಾಗಿದ್ದ ದೊರೈ–ಭಗವಾನ್ ಒಂಬತ್ತು ವರ್ಷದ ನಂತರ ತಮ್ಮದೇ 999ನ ಬಳಿಗೆ ಮರಳಿ ‘ಆಪರೇಷನ್ ಡೈಮಂಡ್ ರಾಕೆಟ್’ ಮಾಡಿದರು. ಈ ಸಲ ಬಣ್ಣ ಇತ್ತು. ಹಿಂದೆ ಪಿ.ಬಿ. ಶ್ರೀನಿವಾಸ್ ಕಂಠದಲ್ಲಿ ಹಾಡುತ್ತಿದ್ದ ಪ್ರಕಾಶ್ ಈಗ ರಾಜ್‌ಕುಮಾರ್ ಅವರ ಸ್ವಂತ ಕಂಠದಲ್ಲೇ ಹಾಡಿದ, ಅದೂ ಒಂದು ಇಂಗ್ಲಿಷ್ ಹಾಡು. ಚಿತ್ರದ ಕಥೆ ಹೇಳಿ ಅಂದರೆ ತಡವರಿಸುವವರೂ ಆ ಹಾಡನ್ನು ಗುನುಗುತ್ತಾರೆ. ಮೊಬೈಲ್ ಕಾಲದ ಮಕ್ಕಳಿಗೂ ಅದು ಬಾಯಿಪಾಠ. ನನ್ನ ರುಚಿ ಕೇಳಿದರೆ, ಚಿತ್ರವಾಗಿ ಮೊದಲಿನ ಕಪ್ಪು-ಬಿಳುಪಿನವೇ ಮೇಲು. ಅವುಗಳಲ್ಲಿ ಆಟವಾಡುವ ಹುಮ್ಮಸ್ಸಿದೆ. ನಾಲ್ಕನೆಯದರಲ್ಲಿ ಕೈ ಪಳಗಿದೆ, ಹುಮ್ಮಸ್ಸಿನ ಜಾಗಕ್ಕೆ ಅದ್ದೂರಿತನ ಬಂದಿದೆ. ಕಾದಂಬರಿ ಚಿತ್ರಗಳಲ್ಲಿ ಅವರು ಕಲಿತ ಮೌನ, ಕಾಯುವಿಕೆ, ನೋವಿನ ಸೂಕ್ಷ್ಮ ಯಾವುದಕ್ಕೂ ಇಲ್ಲಿ ಕೆಲಸವಿರಲಿಲ್ಲ. 999 ಮತ್ತೆ ಬರಲಿಲ್ಲ.

ಅವನ ದಾರಿಯಲ್ಲಿ ಆಮೇಲೆ ನಡೆದವರು ಕಡಿಮೆ. ಎಸ್.ವಿ. ರಾಜೇಂದ್ರಸಿಂಗ್ ಬಾಬು 1981ರಲ್ಲಿ ‘ಅಂತ’ ಮಾಡಿ, ನಡುವೆ ‘ಬಂಧನ’, ‘ಮುತ್ತಿನ ಹಾರ’ದಂಥ ಭಾವಪ್ರಧಾನ ಚಿತ್ರಗಳಿಂದ ಹೆಸರಾಗಿ, 1995ರಲ್ಲಿ ‘ಆಪರೇಷನ್ ಅಂತ’ಕ್ಕೆ ಮರಳಿದರು. ಜನ ಇಂದಿಗೂ ಚಿತ್ರದ ಪಾತ್ರ ಕನ್ವರ್‌ಲಾಲ್ ಹೆಸರು ಹೇಳುವಾಗ ನೆನಪಾಗುವುದು ಮೊದಲನೆಯದು. ಶಂಕರ್‌ನಾಗ್ ಜಾಣತನವೇ ಬೇರೆ. ‘ಮಾಲ್ಗುಡಿ ಡೇಸ್’, ‘ಆಕ್ಸಿಡೆಂಟ್’ ನಿರ್ದೇಶಿಸಿದ ಅವರು ‘ಸಾಂಗ್ಲಿಯಾನ’, ‘ಸಿಬಿಐ ಶಂಕರ್’ ಬಂದಾಗ ನಿರ್ದೇಶನದ ಕುರ್ಚಿಯನ್ನು ಪಿ. ನಂಜುಂಡಪ್ಪನವರಿಗೆ ಬಿಟ್ಟು ತಾವು ಕ್ಯಾಮೆರಾ ಮುಂದೆ ನಿಂತರು.

ದೊರೈ 2000ದಲ್ಲಿ ತೀರಿಕೊಂಡರು. ಭಗವಾನ್ ಬಹುಕಾಲ ಸುಮ್ಮನಿದ್ದು, 85ರ ವಯಸ್ಸಿನಲ್ಲಿ ಒಬ್ಬರೇ ‘ಆಡುವ ಗೊಂಬೆ’ ನಿರ್ದೇಶಿಸಿದರು. ಅದು 2019ರಲ್ಲಿ ಬಂತು. ಮತ್ತೆ ಮನೆ-ಸಂಸಾರದ ಕಥೆ, ಗೂಢಚಾರನ ಸುಳಿವಿಲ್ಲ. ಅದೇ ವರ್ಷ ಜಯತೀರ್ಥರ ‘ಬೆಲ್ ಬಾಟಂ’ನಲ್ಲಿ ಪತ್ತೇದಾರ ದಿವಾಕರ ಹಳೇ ಕಾಲದ ಉಡುಪು ತೊಟ್ಟು ತೆರೆಗೆ ಬಂದ. ಅವನ ಪ್ಯಾಂಟಿನ ಕಾಲಗಲ ನೋಡಿ ಥಿಯೇಟರಿನಲ್ಲಿ ಸಿಳ್ಳೆ ಹೊಡೆದವರಲ್ಲಿ ಎಷ್ಟೋ ಮಂದಿ ಪ್ರಕಾಶನ ಹೆಸರನ್ನೇ ಕೇಳಿರಲಿಕ್ಕಿಲ್ಲ.